ನೀರಿನ ದಂಡಿಗೆ ವಸ್ತಿ ಇಳಿದವರು

ಶನಿವಾರ-ರವಿವಾರ ಬಂದರೆ ಸಾಕು, ಬೆಂಗಳೂರಿನ ನಮ್ಮ ಆಫೀಸಿನ ಅರ್ಧ ಮಂದಿ ಯಾವುದಾದರೂ ಕೆರೆ ದಂಡಿಗೆ ಟೆಂಟ್ ಹೊಡೆಯಲಿಕ್ಕೆ ಹೋಗಿರ್ತಾರೆ. ಹೆಂಡತಿ, ಮಕ್ಕಳು, ಒಲೆ, ಚಾಪೆ ಎಲ್ಲ ಕಾರಿನಲ್ಲಿ. ಇದನ್ನು ಹೊಸ ಶೋಕಿ ಅಂತಾರೆ. ಆದರೆ ನಮ್ಮ ವಿಜಯಪುರ ಜಿಲ್ಲೆಯ ಮಂದಿ ಸಂಸಾರ ಸಮೇತ ನೀರಿನ ದಂಡಿಗೆ ವಸ್ತಿ ಮಾಡಿದ್ದು ಶತಮಾನಗಳ ಹಿಂದಿನಿಂದಲೂ ಅದ. ಯಾರು ಯಾಕೆ ಮಾಡಿದರು ಅನ್ನೋದು ಮಾತ್ರ ಬೇರೆ ಬೇರೆ.

ಮೊದಲು ಸುಖಕ್ಕೆ ಬಂದವರ ಕಥೆ. ವಿಜಯಪುರದಿಂದ ಸಿಂದಗಿ ಬಸ್ಸು ಹತ್ತಿದರೆ ದಾರಿಯಲ್ಲಿ ಕುಮಟಗಿ ಸಿಗ್ತದ. ಆದಿಲ್‌ಶಾಹಿಗಳು ಬಿಸಿಲಿಗೆ ಬೇಸತ್ತು ತಂಪು ಹುಡುಕಿಕೊಂಡು ಬರುತ್ತಿದ್ದ ಜಾಗ ಅದು. ಕೆರೆ, ಅದರ ಪಕ್ಕ ಮಂಟಪಗಳು, ಕೊಳವೆಗಳಲ್ಲಿ ನೀರು ಹರಿಸಿ ಮಾಡಿದ ಕಾರಂಜಿಗಳು. ಗೋಡೆ ಮೇಲೆ ಕುದುರೆ ಹತ್ತಿ ಪೋಲೊ ಆಡುವವರ, ಕುಸ್ತಿ ಹಿಡಿಯುವವರ ಚಿತ್ರಗಳಿದ್ದವು. ಈಗ ಮಾಸಿ ಹೋಗ್ಯಾವ. ಇವತ್ತಿನ ಭಾಷೆಯಲ್ಲಿ ಹೇಳಬೇಕಂದ್ರೆ ಅದು ರಾಜರ ರಿಸಾರ್ಟು.

ಇನ್ನು ಹೊಟ್ಟೆಪಾಡಿಗೆ ಬಂದವರು. 1876-78ರ ಬರಗಾಲದ ಹೊತ್ತಿಗೆ ನಮ್ಮದು ಬ್ರಿಟಿಷರ ಕಲಾದಗಿ ಜಿಲ್ಲೆ. 1872ರ ಗಣತಿಯಲ್ಲಿ 8 ಲಕ್ಷ ದಾಟಿದ್ದ ಜನಸಂಖ್ಯೆ 1881ಕ್ಕೆ ಆರೂವರೆ ಲಕ್ಷಕ್ಕಿಂತ ಕಡಿಮೆ ಆಗಿತ್ತು. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ. ಉಳಿದವರಿಗೆ ಸರ್ಕಾರ ರಸ್ತೆ ಹಾಕುವ, ಕೆರೆ ಅಗೆಯುವ ಕೆಲಸ ಕೊಟ್ಟಿತು. ಕೂಲಿಯನ್ನು ಒಂದು ಪೌಂಡ್ ಧಾನ್ಯದ ಬೆಲೆ, ಮೇಲೆ ಚಿಲ್ಲರೆ ಕಾಸು ಅನ್ನುವ ಲೆಕ್ಕಕ್ಕೆ ಇಳಿಸಿದ್ದರು. ಒಂದು ಪೌಂಡ್ ಅಂದರೆ ಅರ್ಧ ಕಿಲೋಕ್ಕಿಂತಲೂ ಕಡಿಮೆ. ದಿನವಿಡೀ ಮಣ್ಣು ಹೊತ್ತವನಿಗೆ ಅದು ಯಾವ ಮೂಲೆಗೆ ಸಾಕು? ಮುಂದೆ 1972ರ ಬರದಲ್ಲೂ ಹಂಗೇ. ಕೆರೆ ಅಗೆದು, ಜಲ್ಲಿ ಒಡೆದು ದಿನ ದೂಡಿದ್ದನ್ನು ನಮ್ಮ ಕಡೆ ಹಿರಿಯರು ಇನ್ನೂ ಹೇಳ್ತಾರೆ.

ಮೂರನೆಯವರು ನೀರೇ ಬೆನ್ನು ಹತ್ತಿ ಬಂದದ್ದಕ್ಕೆ ದಂಡಿಗೆ ಸರಿದವರು. ಬಸವನ ಬಾಗೇವಾಡಿ ಸೀಮೆಯ ಆಲಮಟ್ಟಿಯಲ್ಲಿ 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ಪ್ರಧಾನಿ ಶಾಸ್ತ್ರಿ ಹಾಕಿದರು ಅಂತ ಎಲ್ಲರೂ ಬರೀತಾರೆ. ನಿಜ ಅಂದ್ರೆ ಆವತ್ತು ನೆಹರೂ ಇನ್ನೂ ಬದುಕಿದ್ದರು. ಶಾಸ್ತ್ರಿ ಪ್ರಧಾನಿ ಆದದ್ದು ಜೂನ್‌ನಲ್ಲಿ. ಅಡಿಗಲ್ಲಿನಿಂದ ಲೋಕಾರ್ಪಣೆವರೆಗೆ 42 ವರ್ಷ ಹಿಡೀತು. 2006ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಬಂದು ಅಣೆಕಟ್ಟನ್ನು ನಾಡಿಗೆ ಅರ್ಪಿಸಿದರು. 26 ಗೇಟು, 123 ಟಿಎಂಸಿ ನೀರು. ಹೆಸರು ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರ.

ಆ ನೀರು ನಿಂತಲ್ಲಿ ಊರುಗಳಿದ್ದವು. ಹಳೇ ಬಾಗಲಕೋಟೆಯ ಒಂದು ಭಾಗ ಮುಳುಗಿತು. ಅಲ್ಲಿಯವರಿಗಾಗಿ ಚಾರ್ಲ್ಸ್ ಕೊರಿಯಾ ಯೋಜನೆ ಹಾಕಿದ ನವನಗರ ಎದ್ದಿತು. ಮಡಕೆ ಮೊಸರಿಗೆ ಹೆಸರಾದ ಕೊಲ್ಹಾರವೂ ಮೇಲಕ್ಕೆ ಸರಿಯಿತು. ಮೊಸರು ಹೆದ್ದಾರಿಗೆ ಬಂತು, ಹಳೇ ಓಣಿಗಳು ನೀರಿನೊಳಗೇ ಉಳಿದವು. ಸಣ್ಣ ಹಳ್ಳಿಗಳಿಗೆ ಹೆಸರಾಂತ ವಾಸ್ತುಶಿಲ್ಪಿಗಳ ನಕ್ಷೆ ಎಲ್ಲಿಂದ ಬರಬೇಕು? ಪರಿಹಾರದ ಚೆಕ್ಕು, ಗುಡ್ಡದ ಮೇಲೊಂದು ಪುನರ್ವಸತಿ ಪ್ಲಾಟು, ಅಷ್ಟೇ.

ಅಂಥ ಒಂದು ಹಳ್ಳಿ ನಮ್ಮವ್ವನ ತವರು. ಹೋದ ಡಿಸೆಂಬರ್‌ನಲ್ಲಿ ನಾವು ಟೆಂಟ್ ಹಾಕಿದ್ದು ಅದೇ ಹಿನ್ನೀರಿನ ದಂಡಿಗಿದ್ದ ಬೀಗರ ಹೊಲದಲ್ಲಿ. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಕೊಲ್ಹಾರದ ಮೊಸರು ಇತ್ತು. ಊಟ ಆದ ಮೇಲೆ ಮಗಳು ಕೇಳಿದಳು, “ಆಯಿ, ನಿಮ್ಮ ಮನಿ ಎಲ್ಲಿ ಇತ್ತ?”

ಅವ್ವ ನೀರಿನ ಕಡೆ ಕೈ ಮಾಡಿ, “ಅಲ್ಲೇ ಎಲ್ಲೋ. ಗುರ್ತಿಗೆ ಒಂದು ಬೇವಿನ ಗಿಡಾನೂ ಉಳದಿಲ್ಲವ್ವಾ” ಅಂದಳು.

“ಹಂಗಾರ ಈಗ ನಿಮ್ಮ ಮನ್ಯಾಗ ಮೀನ ಇರ್ತಾವೇನ?”

“ಹೂಂ, ಇರ್ತಾವ. ಬಾಡಿಗಿ ಕೊಡಂಗಿಲ್ಲ.”

ಎಲ್ಲರೂ ನಕ್ಕೆವು. ಆಮೇಲೆ ಅವ್ವ ನಿದ್ದೆ ಬರೋತನಕ ಹೊಲಗಳ ಹೆಸರು ಹೇಳಿದಳು. ಹುಣಸಿಮರದ ಪಟ್ಟಿ, ಮಠದ ಹೊಲ, ಕರಿಕಲ್ಲ ಹೊಲ. ನಾನು ಮೊಬೈಲಿನಲ್ಲಿ ಬರಕೊಂಡೆ.

ಅಣೆಕಟ್ಟು ಬೇಡಿತ್ತು ಅಂತ ಹೇಳೋದು ಸುಲಭ, ನಾನು ಹೇಳಂಗಿಲ್ಲ. ಕೃಷ್ಣೆಯ ನೀರು ಆಲಮಟ್ಟಿಯಿಂದ ಕೆಳಗೆ ನಾರಾಯಣಪುರಕ್ಕೆ ಹೋಗಿ, ಅಲ್ಲಿಯ ಎಡದಂಡೆ ಕಾಲುವೆಯಿಂದ ಒಡೆದು ಇಂಡಿ ಶಾಖಾ ಕಾಲುವೆಯಲ್ಲಿ ಹರೀತದ. ಸಿಂದಗಿ, ಇಂಡಿಯ ಒಣ ಎರೆ ಭೂಮಿಗೆ ಅದು ಬೇಕೇ ಬೇಕಿತ್ತು. ಮುಳವಾಡ, ಚಿಮ್ಮಲಗಿ ಏತ ನೀರಾವರಿಯಿಂದ ಜಿಲ್ಲೆಯ ಬತ್ತಿದ ಕೆರೆಗಳು ತುಂಬಿದ್ದನ್ನು ನಾವೇ ಕಂಡೇವಿ. 1876ರಂಥ ಬರ ಮತ್ತೆ ಬಂದರೆ ಈ ನೀರೇ ಗತಿ. ಆದರೆ ನೀರು ಪಡೆದ ಹೊಲ ಒಬ್ಬರದು, ನೀರಿನ ತಳಕ್ಕೆ ಹೋದ ಹೊಲ ಇನ್ನೊಬ್ಬರದು. ಇಬ್ಬರನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆಯದಿದ್ದರೆ ಜಿಲ್ಲೆಯ ಇತಿಹಾಸ ಅರ್ಧ ಆಗ್ತದ.

ಈ ಲೆಕ್ಕ ಇನ್ನೂ ಮುಗಿದಿಲ್ಲ. 2000ರಲ್ಲಿ ಸುಪ್ರೀಂ ಕೋರ್ಟ್ ಆಲಮಟ್ಟಿಯ ಎತ್ತರವನ್ನು 519.6 ಮೀಟರಿಗೆ ನಿಲ್ಲಿಸಿತ್ತು. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ 524.256 ಮೀಟರಿಗೆ ಒಪ್ಪಿತು. ವ್ಯತ್ಯಾಸ 4.656 ಮೀಟರ್, ಸುಮಾರು 15 ಅಡಿ. ಇಷ್ಟಕ್ಕೆ ಇನ್ನೂ 75 ಸಾವಿರ ಎಕರೆಗೂ ಹೆಚ್ಚು ಭೂಮಿ ಮುಳುಗಡೆ ಆಗಲಿದೆ. ನಮ್ಮ ಟೆಂಟ್ ಇದ್ದ ಜಾಗ ಆವತ್ತಿನ ನೀರಿಗಿಂತ ಒಂದಾಳು ಎತ್ತರದಲ್ಲಿತ್ತು. ಅಂದರೆ ನೀರು ಏರಿದರೆ ಬೀಗರ ಹೊಲವೂ ಹೋಗ್ತದ. ಅವರು ಅಲ್ಲಿ ಈ ವರ್ಷವೂ ಜೋಳ ಬಿತ್ತ್ಯಾರ.

ಪರಿಹಾರದ ಕಡತದಲ್ಲಿ ಸರ್ವೇ ನಂಬರು, ಎಕರೆ, ಗುಂಟೆ ಇರ್ತಾವ. ಮಠದ ಹೊಲ ಅನ್ನೋ ಹೆಸರು ಇರಂಗಿಲ್ಲ. ಮುಳುಗಿದ ಊರಿನ ಹೆಸರುಗಳನ್ನು ಅವ್ವನಂಥವರ ನೆನಪಿನಿಂದ ಹೆಕ್ಕಬೇಕು. ಆದರೆ ಈ 15 ಅಡಿಯೊಳಗಿನ ಹೊಲ, ಗುಡಿ, ಬಾವಿ ಇನ್ನೂ ಕಣ್ಣಮುಂದೆ ಅದಾವ. ಹಿನ್ನೀರಿನ ದಂಡಿಗೆ ಟೆಂಟ್ ಒಯ್ಯುವವರು ಒಂದು ಸಂಜೆ ಅಲ್ಲಿಯ ಹಿರಿಯರ ಜೋಡಿ ಕೂತು ಆ ಹೆಸರು ಕೇಳಿ ಬರಕೊಳ್ಳ್ರಿ, ಫೋಟೊ ತಕ್ಕೊಳ್ಳ್ರಿ. ಹೆಂಗೂ ಕ್ಯಾಮೆರಾ ಕೈಯಾಗೇ ಇರ್ತದ.