ಕಿಟಕಿಯ ನೈಲಾನ್ ಬಲೆ

ಜಗತ್ತಿನ ಚೆಂದದ ಮನೆಗಳ ಚಿತ್ರ ನೋಡುವುದು ನನ್ನ ಹಳೆಯ ಚಟ. ಅವುಗಳಲ್ಲಿ ಜಪಾನಿನ ಶಿರಕಾವಾ-ಗೋ ಹಳ್ಳಿಯ ಮನೆಗಳು ಬಹಳ ಇಷ್ಟ. ಕೈಮುಗಿದಂತೆ ಕಡಿದಾಗಿ ನಿಂತ ಹುಲ್ಲಿನ ಸೂರು, ಅದರಡಿ ವಿಶಾಲವಾದ ಅಟ್ಟ. 1995ರಲ್ಲಿ ಇವು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಅಟ್ಟಗಳಲ್ಲಿ ರೇಷ್ಮೆಹುಳು ಸಾಕುತ್ತಿದ್ದರು, ಕೆಳಗಿನ ಒಲೆಯ ಕಾವು ಹುಳುಗಳನ್ನು ಬೆಚ್ಚಗಿಡುತ್ತಿತ್ತು ಎಂದು ನನಗೆ ತಿಳಿದದ್ದು ತಡವಾಗಿ.

ನಮ್ಮದೂ ರೇಷ್ಮೆಯ ಸೀಮೆಯೇ. ಆದರೂ ಬಿಡದಿ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿರುವ ಅಜ್ಜಿಯ ತೊಟ್ಟಿಮನೆಯನ್ನು ಸಂಶೋಧನೆಗಾಗಿ ಅಳೆಯಲು ಹೋದಾಗ ನಾನು ಬರೆದುಕೊಂಡದ್ದು ಕಂಬ, ತೊಲೆ, ನಾಡಹೆಂಚುಗಳನ್ನು ಮಾತ್ರ. ಕಿಟಕಿಗೆ ಬಡಿದಿದ್ದ ಹರಕು ನೈಲಾನ್ ಬಲೆಯನ್ನು 'ಸೊಳ್ಳೆಪರದೆ, ಈಚಿನದು' ಎಂದು ಗುರುತಿಸಿ ಮುಂದೆ ಹೋದೆ.

"ಸೊಳ್ಳೆಗಲ್ಲ ಮಗ ಅದು, ಊಜಿಗೆ" ಎಂದಳು ಅಜ್ಜಿ.

ಊಜಿ ನೊಣ ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿ ಒಳಹೊಕ್ಕು ಹುಳುವನ್ನು ತಿಂದು ಕೊಲ್ಲುತ್ತದೆ. ಅದು ಕರ್ನಾಟಕಕ್ಕೆ ಬಂದದ್ದು 1980ರಲ್ಲಿ, ಪಶ್ಚಿಮ ಬಂಗಾಳದ ಗೂಡುಗಳ ಜೊತೆ. ಅಂದರೆ ನಾನು ಕಡೆಗಣಿಸಿದ ಬಲೆಗೆ ಒಂದು ಇಸವಿಯೇ ಇತ್ತು.

ಅಲ್ಲಿಂದ ಮನೆಯನ್ನು ಮತ್ತೊಮ್ಮೆ ನೋಡಿದೆ. ನಡುಮನೆ ಖಾಲಿಯಾಗಿದ್ದುದು ಬಿದಿರಿನ ತಟ್ಟೆಗಳ ಸ್ಟ್ಯಾಂಡಿಗಾಗಿ. ಮೂಲೆಯಲ್ಲಿ ಬಿದ್ದಿದ್ದ ಕಲ್ಲಿನ ಬಟ್ಟಲುಗಳು ಸ್ಟ್ಯಾಂಡಿನ ಕಾಲಡಿ ನೀರು ತುಂಬಿಡಲು, ಇರುವೆ ಹತ್ತಬಾರದೆಂದು. ಹುಳು ನಾಲ್ಕನೇ ಜ್ವರದಿಂದ ಎದ್ದಮೇಲೆ ಮನೆಯಿಡೀ ಅದರದ್ದೇ. ಹಣ್ಣಾಗಿ ಚಂದ್ರಿಕೆ ಏರುವವರೆಗೆ ಮನೆಮಂದಿ ಜಗಲಿಯಲ್ಲಿ ಮಲಗುತ್ತಿದ್ದರು. ಈ ಮನೆಯ ಒಳಾಂಗಣ ಹುಳುವಿಗೆ ಹೊಂದಿಕೊಂಡಿತ್ತು, ಮನುಷ್ಯರು ಉಳಿದ ಜಾಗದಲ್ಲಿ ಇದ್ದರು.

1999ರ ಕೊನೆಗೆ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರು ತಯಾರಿಸತೊಡಗಿತು. ಸುತ್ತ ಬೇರೆ ಕಾರ್ಖಾನೆಗಳೂ ಬೆಳೆದವು. ನಮ್ಮ ಹಿಪ್ಪುನೇರಳೆ ಹೊಲ ಮಾರಾಟವಾಯಿತು. ಸೊಪ್ಪಿಲ್ಲದ ಮೇಲೆ ಹುಳುವೆಲ್ಲಿ? ಭಾಗವಾದ ಮನೆಯ ಅರ್ಧವನ್ನು ಚಿಕ್ಕಪ್ಪ ಕೆಡವಿ, ಸಾಲು ಕೋಣೆ ಕಟ್ಟಿ ಕಾರ್ಮಿಕರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ನನಗೆ ಸಿಟ್ಟು ಬಂದಿತ್ತು. ಆದರೆ ನನ್ನ ಓದಿಗೆ ಫೀಸು ಕಟ್ಟಿದ್ದು ಅದೇ ಬಾಡಿಗೆ.

ಆ ಕೋಣೆಗಳ ಕಿಟಕಿಗಳಿಗೆ ಒಳಗಿನಿಂದ ರಟ್ಟು ಅಂಟಿಸಿದ್ದಾರೆ. ರಾತ್ರಿ ಪಾಳಿ ಮುಗಿಸಿ ಬಂದ ಹುಡುಗರು ಹಗಲು ಮಲಗಬೇಕಲ್ಲ. ಹಿಂದೆ ಹುಳುವಿಗಾಗಿ ಬಲೆ, ಈಗ ಪಾಳಿಗಾಗಿ ರಟ್ಟು. ದುಡಿಮೆ ಬದಲಾದಂತೆ ಮನೆಯ ಒಳಗೂ ಬದಲಾಗಿದೆ.

ಉಳಿದ ಅರ್ಧವೂ ಈ ಬೇಸಿಗೆಗೆ ಇಳಿಯುತ್ತದೆ. ನನ್ನ ನಕ್ಷೆಯಲ್ಲಿ 'ಸೊಳ್ಳೆಪರದೆ' ಹೊಡೆದುಹಾಕಿ 'ಊಜಿ ಬಲೆ, 1980ರ ನಂತರ' ಎಂದು ತಿದ್ದಿದೆ. ಪಕ್ಕದ ಕೋಣೆಗಳನ್ನೂ ಅಳೆದು, ರಟ್ಟನ್ನೂ ಗುರುತಿಸಿದೆ.