ನಿಯಮ ಇತ್ತು, ಕಾರಣ ಇರಲಿಲ್ಲ

ಕಂಪ್ಯೂಟರು ಡಾಕ್ಟರಿಗೆ ಸಲಹೆ ಕೊಡೋದು ಅಂದ್ರೆ ಮೊನ್ನೆ ಮೊನ್ನೆ ಶುರುವಾದ ಕಥೆ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದೇವೆ. ಅಲ್ಲ. 1970ರ ದಶಕದ ಆರಂಭದಲ್ಲೇ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಅಂಥದ್ದೊಂದು ಪ್ರೋಗ್ರಾಮ್ ಹುಟ್ಟಿತ್ತು. ಹೆಸರು ಮೈಸಿನ್. ಎರಿಥ್ರೊಮೈಸಿನ್, ಸ್ಟ್ರೆಪ್ಟೊಮೈಸಿನ್ ಅಂತ ಆಂಟಿಬಯೋಟಿಕ್ ಹೆಸರುಗಳಿಗೆ ಒಂದು ಬಾಲ ಇರುತ್ತಲ್ಲ, ಅದನ್ನೇ ತೆಗೆದು ಇಟ್ಟ ಹೆಸರು. ಕಟ್ಟಿದವರು ಆಗಿನ್ನೂ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಎಡ್ವರ್ಡ್ ಶಾರ್ಟ್‌ಲಿಫ್. ಜೊತೆಗೆ ಕಂಪ್ಯೂಟರ್ ವಿಜ್ಞಾನಿ ಬ್ರೂಸ್ ಬುಕಾನನ್, ವೈದ್ಯ ಸ್ಟ್ಯಾನ್ಲಿ ಕೋಹೆನ್.

ಅವರ ಮುಂದಿದ್ದ ಸಮಸ್ಯೆ ಹೀಗಿತ್ತು. ರೋಗಿಯ ರಕ್ತಕ್ಕೆ ಸೋಂಕು ತಗುಲಿದೆ. ಯಾವ ಬ್ಯಾಕ್ಟೀರಿಯಾ ಅಂತ ಲ್ಯಾಬ್ ಖಚಿತವಾಗಿ ಹೇಳೋಕೆ ಒಂದೆರಡು ದಿನ ಬೇಕು. ರೋಗಿಗೆ ಅಷ್ಟು ಸಮಯ ಇಲ್ಲ. ಅರ್ಧಂಬರ್ಧ ಮಾಹಿತಿಯಲ್ಲೇ ಔಷಧಿ ಶುರು ಮಾಡಬೇಕು.

ಇಂಥ ಕಡೆ ಅನುಭವಿ ಡಾಕ್ಟರುಗಳು ಬಳಸೋದು ಅಂದಾಜಿನ ಸೂತ್ರ. ಕಂಪ್ಯೂಟರ್ ಪುಸ್ತಕಗಳಲ್ಲಿ ಇದಕ್ಕೆ ಹ್ಯೂರಿಸ್ಟಿಕ್ ಅಂತಾರೆ. ನಮ್ಮೂರಲ್ಲಿ ಹಲಸಿನಕಾಯಿ ತಟ್ಟಿ, ಸದ್ದು ಕೇಳಿ, ಮೂಸಿ ನೋಡಿ "ಇನ್ನೆರಡು ದಿನ ಬಿಡು" ಅಂತಾರಲ್ಲ, ಅದೇ ಜಾತಿಯದು. ಗ್ಯಾರಂಟಿ ಏನೂ ಇಲ್ಲ, ಆದರೆ ಬಹಳ ಸಲ ಸರಿ ಇರುತ್ತೆ.

ಮೈಸಿನ್ ತಂಡ ಇಂಥ ಸೂತ್ರಗಳನ್ನು "ಹೀಗಿದ್ದರೆ ಹೀಗೆ" ಅನ್ನೋ ನಿಯಮಗಳಾಗಿ ಬರೆಯುತ್ತಾ ಹೋಯಿತು. ನೂರಾರು ನಿಯಮಗಳಾದವು. ಪ್ರತಿಯೊಂದರ ಪಕ್ಕ ಭರವಸೆಯ ಒಂದು ಅಂಕೆ. ಇದು ಸಂಭವನೀಯತೆ ಅಲ್ಲ, ಯಾಕಂದ್ರೆ ಅಲ್ಲೊಂದು ತೊಡಕು ಬಂತು. "ಈ ಲಕ್ಷಣಗಳಿದ್ದರೆ ಇದು ಸ್ಟ್ರೆಪ್ಟೊಕಾಕಸ್ ಅನ್ನೋದಕ್ಕೆ 0.7 ಬಲ ಇದೆ" ಅಂತ ಒಪ್ಪಿದ ತಜ್ಞರು, "ಹಾಗಾದ್ರೆ ಅಲ್ಲ ಅನ್ನೋದಕ್ಕೆ 0.3 ಇದೆಯಾ?" ಅಂದ್ರೆ ಒಪ್ಪುತ್ತಿರಲಿಲ್ಲ. ಪರವಾಗಿ ಸಾಕ್ಷ್ಯ ಇದೆ ಅಂದೆವು, ವಿರುದ್ಧವಾಗಿ ಇದೆ ಅಂತ ಎಲ್ಲಿ ಅಂದೆವು ಅನ್ನೋದು ಅವರ ವಾದ. ಹಾಗಾಗಿ ತಂಡ -1ರಿಂದ +1ರವರೆಗೆ ಓಡುವ ತನ್ನದೇ ಅಳತೆ ಮಾಡಿಕೊಂಡಿತು.

ನನಗೆ ಇಷ್ಟವಾಗೋದು ಇನ್ನೊಂದು ವಿಷಯ. ಮೈಸಿನ್ ಏನಾದರೂ ಪ್ರಶ್ನೆ ಕೇಳಿದಾಗ ಡಾಕ್ಟರು "ಯಾಕೆ?" ಅಂತ ಟೈಪ್ ಮಾಡಬಹುದಿತ್ತು. ತಾನು ಯಾವ ನಿಯಮವನ್ನು ಪರೀಕ್ಷಿಸುತ್ತಿದ್ದೇನೆ ಅಂತ ಅದು ಬಿಡಿಸಿ ಹೇಳುತ್ತಿತ್ತು.

ಕೆಲಸದಲ್ಲೂ ಹಿಂದೆ ಬೀಳಲಿಲ್ಲ. 1979ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮೆನಿಂಜೈಟಿಸ್‌ನ 10 ಪ್ರಕರಣಗಳನ್ನು ಮೈಸಿನ್‌ಗೂ ಸ್ಟ್ಯಾನ್‌ಫೋರ್ಡ್‌ನ ವೈದ್ಯರಿಗೂ ಕೊಟ್ಟರು. ಯಾವುದು ಯಾರ ಉತ್ತರ ಅಂತ ಗೊತ್ತಿಲ್ಲದ ಎಂಟು ತಜ್ಞರು ಮೌಲ್ಯಮಾಪನ ಮಾಡಿದರು. ಮೈಸಿನ್‌ಗೆ ಶೇ. 65 ಒಪ್ಪಿಗೆ ಸಿಕ್ಕಿತು. ಅಲ್ಲಿನ ಐವರು ಬೋಧಕ ವೈದ್ಯರಲ್ಲಿ ಯಾರೂ ಶೇ. 62.5 ದಾಟಲಿಲ್ಲ. ಆದರೂ ಅದು ವಾರ್ಡಿಗೆ ಕಾಲಿಡಲೇ ಇಲ್ಲ. ಪ್ರತಿ ರೋಗಿಯ ವಿವರವನ್ನೂ ಡಾಕ್ಟರೇ ಕೂತು ಟೈಪ್ ಮಾಡಬೇಕು ಅಂದ್ರೆ ಯಾರಿಗೆ ಪುರುಸೊತ್ತು?

ಕಥೆಯ ಮುಖ್ಯ ಭಾಗ ಇರೋದು ಇಲ್ಲಿಂದ ಮುಂದೆ. ವಿಲಿಯಂ ಕ್ಲ್ಯಾನ್ಸಿ ಎಂಬ ಸಂಶೋಧಕರು ಇದೇ ನಿಯಮಗಳನ್ನಿಟ್ಟುಕೊಂಡು ವೈದ್ಯಕೀಯ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಪ್ರೋಗ್ರಾಮ್ ಮಾಡಲು ಹೊರಟರು. ಆಗ ಒಂದು ನಿಯಮ ಕಣ್ಣಿಗೆ ಕುಕ್ಕಿತು: ಎಂಟು ವರ್ಷದೊಳಗಿನ ಮಗುವಿಗೆ ಟೆಟ್ರಾಸೈಕ್ಲಿನ್ ಕೊಡಬೇಡ.

ಯಾಕೆ? ಮೈಸಿನ್‌ಗೆ ಗೊತ್ತಿರಲಿಲ್ಲ. ಬೆಳೆಯುತ್ತಿರುವ ಹಲ್ಲಿನ ಕ್ಯಾಲ್ಸಿಯಂ ಜೊತೆ ಆ ಔಷಧಿ ಸೇರಿಕೊಂಡು ಹಲ್ಲಿಗೆ ಶಾಶ್ವತ ಕಲೆ ಬರುತ್ತೆ ಅನ್ನೋ ಕಾರಣ ನಿಯಮ ಬರೆದವರ ತಲೆಯಲ್ಲಿತ್ತು, ಪ್ರೋಗ್ರಾಮಿನಲ್ಲಿ ಇರಲಿಲ್ಲ. ಅದರ "ಯಾಕೆ" ನಿಯಮದ ಬಾಗಿಲಿನವರೆಗೆ ಬಂದು ನಿಂತುಬಿಡುತ್ತಿತ್ತು. ಕಾರಣ ಗೊತ್ತಿಲ್ಲದವನಿಗೆ ನಿಯಮವನ್ನು ಯಾವಾಗ ಮುರಿಯಬೇಕು ಅನ್ನೋದೂ ಗೊತ್ತಿರಲ್ಲ ಅಂತ ಕ್ಲ್ಯಾನ್ಸಿ 1983ರಲ್ಲೇ ವಾದಿಸಿದರು. ಜೀವ ಹೋಗುವ ಹೊತ್ತಲ್ಲಿ ಹಲ್ಲಿನ ಬಣ್ಣ ನೋಡ್ತಾ ಕೂರೋಕಾಗುತ್ತಾ?

ಇದು ಬರೀ ತರ್ಕ ಅಲ್ಲ. ಅಮೆರಿಕದಲ್ಲಿ ರಾಕಿ ಮೌಂಟನ್ ಸ್ಪಾಟೆಡ್ ಫೀವರ್ ಅಂತ ಉಣ್ಣೆಯಿಂದ ಹರಡುವ ಜ್ವರವಿದೆ. ಚಿಕಿತ್ಸೆ ತಡವಾದರೆ ಮಗು ಉಳಿಯೋದು ಕಷ್ಟ. ಅದಕ್ಕೆ ಸರಿಯಾದ ಮದ್ದು ಡಾಕ್ಸಿಸೈಕ್ಲಿನ್, ಟೆಟ್ರಾಸೈಕ್ಲಿನ್ ಕುಟುಂಬದ್ದೇ. ಹಳೇ ನಿಯಮದ ಭಯಕ್ಕೆ ಮಕ್ಕಳಿಗೆ ಅದನ್ನು ಬರೆಯಲು ಹಿಂಜರಿದ ಡಾಕ್ಟರುಗಳಿದ್ದರು. ಡಾಕ್ಸಿಸೈಕ್ಲಿನ್ ಕ್ಯಾಲ್ಸಿಯಂಗೆ ಅಷ್ಟಾಗಿ ಅಂಟಿಕೊಳ್ಳಲ್ಲ, ಸ್ವಲ್ಪ ದಿನ ಕೊಟ್ಟರೆ ಕಲೆ ಕಾಣಿಸಲ್ಲ ಅಂತ ಅಧ್ಯಯನಗಳು ತೋರಿಸಿದವು. ಕೊನೆಗೆ 2018ರಲ್ಲಿ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಯಾವ ವಯಸ್ಸಿನ ಮಗುವಿಗಾದರೂ 21 ದಿನದವರೆಗೆ ಡಾಕ್ಸಿಸೈಕ್ಲಿನ್ ಕೊಡಬಹುದು ಅಂದಿತು. ಕಾರಣವನ್ನು ಹಿಡಿದು ಹೊರಟವರಿಂದಲೇ ಈ ತಿದ್ದುಪಡಿ ಸಾಧ್ಯವಾಯಿತು.

ನಾವು ಸಾಫ್ಟ್‌ವೇರಿನವರಿಗೆ ಇದು ಹೊಸದೇನಲ್ಲ. ಯಾವನೋ ಎಂದೋ ಬರೆದಿಟ್ಟ ಇಫ್ ಕಂಡೀಷನ್, ಬರೆದವನು ಕಂಪನಿ ಬಿಟ್ಟಾಗಿದೆ, ತೆಗೆಯೋಕೆ ಎಲ್ಲರಿಗೂ ಭಯ. ನಮ್ಮಲ್ಲಿ ಅದರಿಂದ ಒಂದು ಸ್ಕ್ರೀನ್ ಕೆಡಬಹುದು. ಆಸ್ಪತ್ರೆಯಲ್ಲಿ ಅದು ಮಗುವಿನ ಜೀವ. ಇವತ್ತಿನ ಕಲಿಯುವ ಯಂತ್ರಗಳಲ್ಲಂತೂ ಕಾರಣ ಹಾಗಿರಲಿ, ನಿಯಮವೇ ಕಣ್ಣಿಗೆ ಕಾಣಲ್ಲ.

ಈ ಪುಸ್ತಕ ಓದುತ್ತಿರುವವರಲ್ಲಿ ಕೆಲವರಾದರೂ ಆಸ್ಪತ್ರೆಗಳಿಗೆ ಕೋಡ್ ಬರೆಯುತ್ತಿರಬಹುದು. ಅವರಲ್ಲಿ ನನ್ನದೊಂದು ಕೋರಿಕೆ: ನಿಯಮ ಬರೆಯುವಾಗ ಪಕ್ಕದಲ್ಲಿ ಅದರ ಕಾರಣವನ್ನೂ ಬರೆದಿಡಿ. ಹತ್ತು ವರ್ಷ ಬಿಟ್ಟು ಯಾರೋ ಒಬ್ಬರು ಡಾಕ್ಟರು "ಯಾಕೆ?" ಅಂತ ಕೇಳ್ತಾರೆ, ಆಗ ಹೇಳೋಕೆ ನೀವು ಅಲ್ಲಿರಲ್ಲ.