ನಮ್ಮೂರ ಚರಂಡಿಯಿಂದ ಬಂಗಾಳ ಕೊಲ್ಲಿಯವರೆಗೆ

ನಮ್ಮ ಹುಮನಾಬಾದ್ ಮತ್ತು ಬಸವಕಲ್ಯಾಣ ತಾಲ್ಲೂಕುಗಳಲ್ಲಿ ಸಮುದ್ರವನ್ನು ಕಣ್ಣಾರೆ ಕಾಣದವರು ಬಹಳ ಮಂದಿ ಇದ್ದಾರೆ. ಅರಬ್ಬೀ ಸಮುದ್ರವಾಗಲಿ, ಬಂಗಾಳ ಕೊಲ್ಲಿಯಾಗಲಿ ನಮಗೆ ನೂರಾರು ಕಿಲೋಮೀಟರ್ ದೂರ. ಆದ್ದರಿಂದ ಸಮುದ್ರ ಮಾಲಿನ್ಯದ ಮಾತು ಬಂದಾಗ ಅದು ಮುಂಬೈ, ಮಂಗಳೂರಿನವರ ಚಿಂತೆ ಎಂದು ನಾವು ಸುಮ್ಮನಾಗುತ್ತೇವೆ. ಒಮ್ಮೆ ಭೂಪಟವನ್ನು ಬಿಡಿಸಿ ನಮ್ಮ ನೀರಿನ ದಾರಿಯ ಮೇಲೆ ಬೆರಳಿಟ್ಟು ನೋಡೋಣ.

ಹುಮನಾಬಾದ್ ಮತ್ತು ಭಾಲ್ಕಿ ತಾಲ್ಲೂಕುಗಳಲ್ಲಿ ಹರಿಯುವ ಕಾರಂಜಾ ನದಿ ಮಾಂಜ್ರಾ ನದಿಯನ್ನು ಸೇರುತ್ತದೆ. ಮಾಂಜ್ರಾ ತೆಲಂಗಾಣದ ಸಿಂಗೂರು, ನಿಜಾಮ್ ಸಾಗರ ಜಲಾಶಯಗಳನ್ನು ದಾಟಿ ಕಂದಕುರ್ತಿಯ ಬಳಿ ಗೋದಾವರಿಯಲ್ಲಿ ಒಂದಾಗುತ್ತದೆ. ಬಸವಕಲ್ಯಾಣದ ಕಡೆಯ ಮುಲ್ಲಾಮಾರಿ ನದಿ ಚಿಂಚೋಳಿಯತ್ತ ಹರಿದು, ಕಾಗಿಣಾ ಮತ್ತು ಭೀಮಾ ನದಿಗಳ ಮೂಲಕ ಕೃಷ್ಣೆಗೆ ಹೋಗುತ್ತದೆ. ಗೋದಾವರಿಯೂ ಕೃಷ್ಣೆಯೂ ಕೊನೆಗೆ ಬಂಗಾಳ ಕೊಲ್ಲಿಯನ್ನೇ ಸೇರುತ್ತವೆ. ಅಂದರೆ ನಮ್ಮ ಓಣಿಯ ಚರಂಡಿ ಸಮುದ್ರಕ್ಕೆ ಹೋಗುವ ದಾರಿಯ ಮೊದಲ ಮೈಲಿ. ಈ ದಾರಿಗೂ ನಮ್ಮ ನಾಡಿಗೂ ಒಂದು ಇತಿಹಾಸವಿದೆ. ವಿದ್ಯಾರ್ಥಿ ಮಿತ್ರರು ಅದನ್ನು ತಿಳಿಯುವುದು ಅಗತ್ಯ.

ಬಹಮನಿಗಳ ಸುರಂಗ ಬಾವಿ

ಬಹಮನಿ ಸುಲ್ತಾನ ಅಹ್ಮದ್ ಷಾ ವಲಿ (1422–1436) ತನ್ನ ರಾಜಧಾನಿಯನ್ನು ಗುಲ್ಬರ್ಗದಿಂದ ಬೀದರಿಗೆ ತಂದನು. ಬೀದರ್ ಎತ್ತರದ ಪ್ರಸ್ಥಭೂಮಿ. ಮೇಲೆ ನೀರನ್ನು ಹೀರಿಕೊಳ್ಳುವ ಕೆಂಪು ಜಂಬಿಟ್ಟಿಗೆ ಕಲ್ಲು, ಕೆಳಗೆ ನೀರನ್ನು ತಡೆಯುವ ಗಟ್ಟಿ ಕರಿಗಲ್ಲು. ಇವೆರಡೂ ಕೂಡುವಲ್ಲಿ ಅಂತರ್ಜಲ ನಿಲ್ಲುತ್ತದೆ. ಇರಾನಿನ ‘ಕನಾತ್’ ವಿದ್ಯೆಯನ್ನು ಬಲ್ಲವರು ಈ ನೆಲದ ಗುಣವನ್ನು ಅರಿತು ಸುರಂಗ ತೋಡಿ ನೀರನ್ನು ಹರಿಸಿದರು. ಇದನ್ನೇ ನಾವು ಕರೇಜ್ ಅಥವಾ ಸುರಂಗ ಬಾವಿ ಎನ್ನುತ್ತೇವೆ. ನೌಬಾದಿನ ಕರೇಜ್ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದವಾಗಿದೆ. ಗಾಳಿ ಬೆಳಕಿಗಾಗಿ ಅಲ್ಲಲ್ಲಿ ಮೇಲಿನಿಂದ ಬಾವಿಗಳನ್ನು ಇಳಿಸಲಾಗಿದೆ.

ಕರೇಜ್ ಒಬ್ಬನ ಸ್ವತ್ತಾಗಿ ಉಳಿಯಲಾರದು. ಮೇಲಿನವನು ತನ್ನ ಬಾವಿಯೊಳಗೆ ಕಸ ಎಸೆದರೆ ಕೆಳಗಿನವನು ಅದೇ ನೀರನ್ನು ಕುಡಿಯಬೇಕು. ನಿಂತ ನೀರಿನಲ್ಲಿ ಮೂತ್ರ ವಿಸರ್ಜಿಸಬಾರದೆಂಬ ಪ್ರವಾದಿಯವರ (ಸ) ಆದೇಶವನ್ನು ನಾವು ಮಕ್ಕಳಾಗಿದ್ದಾಗಲೇ ಕಲಿಯುತ್ತೇವೆ. ಕರೇಜಿನಂಥ ಹಂಚಿಕೊಂಡ ನೀರಿನಲ್ಲಿ ಆ ಮಾತಿನ ಅರ್ಥ ಚೆನ್ನಾಗಿ ತಿಳಿಯುತ್ತದೆ.

ಕಾಲಾಂತರದಲ್ಲಿ ಈ ಸುರಂಗ ಹೂಳು ಮತ್ತು ಕಸದಿಂದ ತುಂಬಿ ಮರೆತುಹೋಯಿತು. 2015ರ ನಂತರ ಜಿಲ್ಲಾಧಿಕಾರಿಯಾಗಿದ್ದ ಅನುರಾಗ್ ತಿವಾರಿಯವರ ಕಾಲದಲ್ಲಿ ಜಿಲ್ಲಾಡಳಿತ, ಸಂಶೋಧಕರು ಹಾಗೂ ಸ್ಥಳೀಯ ಯುವಕರು ಕೈಗೂಡಿಸಿ ಹೂಳು ತೆಗೆದರು. ಮುಂದೆ ವಿಶ್ವ ಸ್ಮಾರಕ ನಿಧಿಯು ದಖ್ಖನಿನ ಪ್ರಾಚೀನ ಜಲ ವ್ಯವಸ್ಥೆಗಳನ್ನು ತನ್ನ 2020ರ ಕಾಳಜಿಯ ಪಟ್ಟಿಗೆ ಸೇರಿಸಿತು. ಆದರೂ ಅಪಾಯ ಪೂರ್ತಿ ಕಳೆದಿಲ್ಲ. ಜಂಬಿಟ್ಟಿಗೆ ಕಲ್ಲು ಮಳೆಯ ನೀರನ್ನು ಹೀರುವಂತೆಯೇ ಮೇಲೆ ಕಟ್ಟಿದ ಮನೆಗಳ ಶೌಚಗುಂಡಿಯ ನೀರನ್ನೂ ಹೀರುತ್ತದೆ.

ಹೈದರಾಬಾದಿನ ಪಾಠ

1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಹೈದರಾಬಾದ್ ಸಂಸ್ಥಾನ, ನಂತರ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಆ ನಗರದಲ್ಲಿ ಸುಮಾರು 15,000 ಜನ ಪ್ರಾಣ ಕಳೆದುಕೊಂಡರೆಂದು ಹೇಳಲಾಗುತ್ತದೆ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಸರ್ಕಾರವು ಮುದ್ದೇನಹಳ್ಳಿಯ ಕನ್ನಡಿಗ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕರೆಸಿತು. 1909ರಲ್ಲಿ ಅವರು ಪ್ರವಾಹ ತಡೆಯಲು ಜಲಾಶಯಗಳನ್ನು ಸೂಚಿಸಿದ್ದಲ್ಲದೆ, ನಗರಕ್ಕೆ ಒಳಚರಂಡಿಯೂ ಬೇಕೆಂದು ಯೋಜನೆ ಹಾಕಿಕೊಟ್ಟರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಪೂರ್ಣಗೊಂಡವು. 1931ರ ಹೊತ್ತಿಗೆ ಸುಮಾರು ಐದು ಲಕ್ಷ ಜನರ ಲೆಕ್ಕದಲ್ಲಿ ಒಳಚರಂಡಿ ಸಿದ್ಧವಾಯಿತು. ಅದೇ ಕಾಲದಲ್ಲಿ ಇಂಜಿನಿಯರ್ ನವಾಬ್ ಅಲಿ ನವಾಜ್ ಜಂಗ್ ಅವರ ನೇತೃತ್ವದಲ್ಲಿ ಮಾಂಜ್ರಾಕ್ಕೆ ಅಡ್ಡಲಾಗಿ ನಿಜಾಮ್ ಸಾಗರ ಎದ್ದಿತು.

ಇಂದು ಹೈದರಾಬಾದಿನ ಜನಸಂಖ್ಯೆ ಒಂದು ಕೋಟಿ ಮೀರಿದೆ. ನಗರ ಬೆಳೆದ ವೇಗದಲ್ಲಿ ಶುದ್ಧೀಕರಣ ಘಟಕಗಳು ಬೆಳೆಯಲಿಲ್ಲ. ದಶಕಗಳ ಕಾಲ ಮೂಸಿ ನದಿಯು ಕೊಳಚೆಯನ್ನು ಹೊತ್ತು, ವಾಡಪಲ್ಲಿಯ ಬಳಿ ಕೃಷ್ಣೆಗೆ ಸುರಿಯುತ್ತಾ ಬಂದಿದೆ. ಹೈದರಾಬಾದಿಗೆ 1965ರಿಂದ ಮಾಂಜ್ರಾ ನೀರು, 1991ರಿಂದ ಸಿಂಗೂರಿನ ನೀರು ಕುಡಿಯಲು ಹೋಗತೊಡಗಿತು. ಬೀದರ್ ಜಿಲ್ಲೆಯಿಂದ ಹರಿದ ನೀರು ಆ ನಗರದ ನಲ್ಲಿಯಲ್ಲಿ ಬಂದು, ಅಲ್ಲಿನ ಕೊಳಚೆಯಾಗಿ, ಮೂಸಿಯ ದಾರಿ ಹಿಡಿದು ಸಮುದ್ರ ಸೇರುತ್ತದೆ. ನಾವು ಮೇಲಿನವರು, ಅವರು ಕೆಳಗಿನವರು, ಅವರಿಗಿಂತ ಕೆಳಗೆ ಇನ್ನೂ ಎಷ್ಟೋ ಊರುಗಳು. ಹೈದರಾಬಾದಿನ ಕಥೆ ಹೇಳುವುದಿಷ್ಟೇ: ಚರಂಡಿ ಕಟ್ಟಿದರೆ ಹೊಲಸು ನಮ್ಮ ಮನೆಯಿಂದ ಹೋಗುತ್ತದೆ, ಭೂಮಿಯಿಂದ ಹೋಗುವುದಿಲ್ಲ.

ವೈರಿಗಳೂ ಒಂದಾದರು

ಕೊಳಚೆ ಸಮುದ್ರ ಸೇರಿದರೆ ಏನಾಗುತ್ತದೆ? ಅದರಲ್ಲಿನ ಸಾರಜನಕ ಮತ್ತು ರಂಜಕ ಪಾಚಿಗೆ ಗೊಬ್ಬರವಾಗುತ್ತವೆ. ಪಾಚಿ ಬೆಳೆದು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ತೀರಿಹೋಗಿ ಮೀನುಗಳು ಸಾಯುತ್ತವೆ. ರೋಗಾಣುಗಳು ತೀರದ ಜನರನ್ನು ತಲುಪುತ್ತವೆ. ಬಂಗಾಳ ಕೊಲ್ಲಿಯ ಆಳದಲ್ಲಿ ಸ್ವಭಾವತಃ ಆಮ್ಲಜನಕ ಕಡಿಮೆ. ಅದಕ್ಕೆ ನಮ್ಮ ಹೊರೆಯೂ ಸೇರುತ್ತಿದೆ.

ಈ ಕೆಲಸ ಒಂದೇ ದೇಶದಿಂದ ಆಗದೆಂದು ಜಗತ್ತು ಅರಿತದ್ದು 1970ರ ದಶಕದಲ್ಲಿ. 1974ರಲ್ಲಿ ಬಾಲ್ಟಿಕ್ ಸಮುದ್ರದ ತೀರದ ಏಳು ದೇಶಗಳು ಹೆಲ್ಸಿಂಕಿಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಶೀತಲ ಸಮರದ ಎರಡೂ ಬಣದವರು ಅದರಲ್ಲಿದ್ದರು. 1976ರಲ್ಲಿ ಮೆಡಿಟರೇನಿಯನ್ ತೀರದ ದೇಶಗಳು ಬಾರ್ಸಿಲೋನಾ ಒಪ್ಪಂದ ಮಾಡಿಕೊಂಡವು. ರಣರಂಗದಲ್ಲಿ ಎದುರಾಗಿದ್ದ ಈಜಿಪ್ಟ್ ಮತ್ತು ಇಸ್ರೇಲ್, ಸೈಪ್ರಸ್ ವಿಷಯದಲ್ಲಿ ಜಗಳವಾಡಿದ್ದ ಗ್ರೀಸ್ ಮತ್ತು ಟರ್ಕಿ ಇಲ್ಲಿ ಒಂದೇ ವ್ಯವಸ್ಥೆಯೊಳಗೆ ಬಂದವು. ಭೂಮಿಯ ಮೇಲಿನಿಂದ ಬರುವ ಕೊಳಚೆಯನ್ನು ತಡೆಯಲು 1980ರಲ್ಲಿ ಅಥೆನ್ಸಿನಲ್ಲಿ ಪ್ರತ್ಯೇಕ ಕರಾರೂ ಆಯಿತು.

ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದ ಉದಾಹರಣೆ ಇನ್ನೂ ಸ್ವಾರಸ್ಯವಾಗಿದೆ. ಅಲ್ಲಿ ಲಕ್ಷಾಂತರ ಜನರ ಕೊಳಚೆ ಶುದ್ಧವಾಗದೆ ಫಿನ್‌ಲ್ಯಾಂಡ್ ಕೊಲ್ಲಿಗೆ ಹೋಗುತ್ತಿತ್ತು. ಅರ್ಧಕ್ಕೆ ನಿಂತಿದ್ದ ಶುದ್ಧೀಕರಣ ಘಟಕವನ್ನು ಪೂರ್ಣಗೊಳಿಸಲು ನೆರೆಯ ಫಿನ್‌ಲ್ಯಾಂಡ್ ಮತ್ತು ಸ್ವೀಡನ್ ಹಣ ಕೊಟ್ಟವು. 2005ರಲ್ಲಿ ಘಟಕ ಆರಂಭವಾಯಿತು. ಪಕ್ಕದ ಮನೆಯ ಚರಂಡಿಗೆ ಹಣ ಕೊಟ್ಟದ್ದು ತಮ್ಮದೇ ಸಮುದ್ರದ ರಕ್ಷಣೆಗಾಗಿ.

ನಮ್ಮ ಕೊಲ್ಲಿಯ ಸುತ್ತಲೂ ಭಾರತ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್, ಮ್ಯಾನ್ಮಾರ್, ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾ ಎಂಬ ಎಂಟು ದೇಶಗಳು 2009ರಲ್ಲಿ ಜಂಟಿ ಕಾರ್ಯಕ್ರಮ ಕೈಗೊಂಡು, ಕೊಳಚೆಯನ್ನು ಮುಖ್ಯ ಸಮಸ್ಯೆಗಳಲ್ಲಿ ಒಂದೆಂದು ಗುರುತಿಸಿದವು.

ನಮ್ಮ ಪಾಲಿನ ಕೆಲಸ

ಭಾರತದಲ್ಲಿ ಜಲಮಾಲಿನ್ಯ ನಿಯಂತ್ರಣ ಕಾಯಿದೆ ಬಂದದ್ದು 1974ರಲ್ಲಿ. ಆದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020–21ರ ಲೆಕ್ಕದಂತೆ, ನಗರಗಳಲ್ಲಿ ದಿನಕ್ಕೆ ಹುಟ್ಟುವ ಕೊಳಚೆ ಸುಮಾರು 7,236 ಕೋಟಿ ಲೀಟರ್. ಅದರಲ್ಲಿ ನಿಜವಾಗಿ ಶುದ್ಧವಾಗುತ್ತಿದ್ದದ್ದು 2,023 ಕೋಟಿ ಲೀಟರ್, ಅಂದರೆ ಶೇಕಡಾ 28 ಮಾತ್ರ. ಕಾನೂನು ಬಂದು ಸುಮಾರು ಅರ್ಧ ಶತಮಾನ ಕಳೆದ ಮೇಲಿನ ಸ್ಥಿತಿ ಇದು. ಉಳಿದ ನೀರು ಹಳ್ಳ, ಕೆರೆ, ನದಿಗಳ ಪಾಲಾಗಿದೆ. ಕಾರಂಜಾ ಜಲಾಶಯದ ನೀರನ್ನು ಬೀದರ್ ನಗರ ಕುಡಿಯುತ್ತದೆ ಎಂಬುದನ್ನು ನೆನೆದರೆ, ಇದು ದೂರದ ಸಮುದ್ರದ ಮಾತಾಗಿ ಉಳಿಯುವುದಿಲ್ಲ.

ದೊಡ್ಡ ಘಟಕ ಕಟ್ಟುವುದು ಸರ್ಕಾರ ಮತ್ತು ಪುರಸಭೆಯ ಕೆಲಸ. ಅದನ್ನು ಕೇಳುವುದು ನಮ್ಮ ಕೆಲಸ. ಕೇಳಲು ಮೊದಲು ತಿಳಿದಿರಬೇಕು. ವಿದ್ಯಾರ್ಥಿಗಳು ತಮ್ಮ ಶಾಲೆಯ, ಓಣಿಯ ಚರಂಡಿ ಯಾವ ಹಳ್ಳಕ್ಕೆ, ಯಾವ ಕೆರೆಗೆ ಸೇರುತ್ತದೆ ಎಂದು ನಡೆದು ನೋಡಿ ನಕ್ಷೆ ಬರೆಯಲಿ. ಮನೆಯ ಶೌಚಗುಂಡಿಯಿಂದ ಕುಡಿಯುವ ಬಾವಿಗೆ ಎಷ್ಟು ಅಂತರವಿದೆ ಎಂದು ಅಳೆಯಲಿ. ಮಸೀದಿ ಮತ್ತು ವಸತಿ ನಿಲಯಗಳಲ್ಲಿ ವುಝೂ ಮಾಡಿದ ನೀರಿನಲ್ಲಿ ಹೆಚ್ಚಿನ ಹೊಲಸು ಇರುವುದಿಲ್ಲ. ಅದನ್ನು ಶೌಚದ ನೀರಿನೊಂದಿಗೆ ಬೆರೆಸದೆ ಬೇರೆ ಕೊಳವೆಯಲ್ಲಿ ಗಿಡಗಳಿಗೆ ಬಿಟ್ಟರೆ ಚರಂಡಿಯ ಹೊರೆ ಅಷ್ಟು ಇಳಿಯುತ್ತದೆ. ಇದಕ್ಕೆ ಹೆಚ್ಚು ಹಣ ಬೇಕಿಲ್ಲ, ಒಂದು ಕಮಿಟಿಯ ತೀರ್ಮಾನ ಸಾಕು.

ಆರು ನೂರು ವರ್ಷಗಳ ಹಿಂದೆ ಕರೇಜ್ ತೋಡಿದವರು ಕೆಳಗಿನ ಮನೆಯವರನ್ನು ನೆನೆದು ನೀರು ಹರಿಸಿದರು. ನಮ್ಮ ಕೆಳಗಿನ ಮನೆ ಈಗ ಬಂಗಾಳ ಕೊಲ್ಲಿಯವರೆಗೂ ಚಾಚಿದೆ. ಆ ಮನೆಯವರನ್ನು ನಾವು ನೋಡಿಲ್ಲ. ಆದರೂ ನಮ್ಮ ನೀರು ಅವರ ಅಂಗಳಕ್ಕೆ ದಿನವೂ ಹೋಗುತ್ತಿದೆ ಎಂಬುದನ್ನು ಮರೆಯದಿರೋಣ.